ನಾಲ್ಕು ಮಡಿಕೆ

ಮಾರ್ಚ್ 9, ಭಾನುವಾರ
ದೋಣಿಯಲ್ಲಿ

ಅಕ್ಕಾ,

ದೋಣಿ ಹೊರಟು ಎರಡು ಗಂಟೆಯಾಯಿತು. ಅಕ್ಷರ ಕುಣಿಯುತ್ತಿದ್ದರೆ ತಪ್ಪು ನನ್ನದಲ್ಲ, ಸಮುದ್ರದ್ದು. ನಮ್ಮ ಹವಾಮಾನ ಕೇಂದ್ರದ ಬಂಡೆ ತಲುಪಿದ ಮೇಲೆ ಬರೆದರೆ ಮುಂದಿನ ದೋಣಿ ಬರುವವರೆಗೆ, ಅಂದರೆ ಹದಿನೈದು ದಿನ, ಈ ಕಾಗದ ಅಲ್ಲೇ ಕೊಳೆಯುತ್ತದೆ. ಈಗಲೇ ಬರೆದುಕೊಟ್ಟರೆ ದೋಣಿಯವನು ವಾಪಸು ಹೋಗಿ ದಡದಲ್ಲಿ ಅಂಚೆಗೆ ಹಾಕುತ್ತಾನೆ. ಪಾಪ, ಅವನಿಗೆ ಹಲ್ಲುನೋವು. ಕೆನ್ನೆ ಊದಿಸಿಕೊಂಡು ಒಂದೇ ಕೈಯಲ್ಲಿ ಚುಕ್ಕಾಣಿ ಹಿಡಿದಿದ್ದಾನೆ. ಕೀಳಿಸಿಕೋ ಮಾರಾಯ ಎಂದರೆ ನನ್ನನ್ನೇ ನೀರಿಗೆ ತಳ್ಳುವವನ ಹಾಗೆ ನೋಡುತ್ತಾನೆ.

ನಿನ್ನೆ ನಿನಗೆ ಹೇಳದೆ ಹೊರಟೆ ಎಂದು ಮುನಿಸಿಕೊಂಡಿರುತ್ತೀಯ. ನೀನು ಬೀರು ತಲುಪಿಸಲು ಹೋದವಳು ಐದು ಗಂಟೆಯಾದರೂ ಬರಲಿಲ್ಲ, ಬಸ್ಸು ಆರಕ್ಕೆ. ಸುಮ್ಮನೆ ಕೂತಿರುವುದು ಹೇಗೆಂದು ಮನೆಯ ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು ಕೆಳಗೆ ನಮ್ಮ ಮರಗೆಲಸದ ಅಂಗಡಿಗೆ ಹೋದೆ. ಮೇಸ್ತ್ರಿ ಆಗಲೇ ಮನೆಗೆ ಹೋಗಿದ್ದರು. ಅಪ್ಪ ಇದ್ದಾಗ ನನ್ನ ಉಬ್ಬಸಕ್ಕೆ ಹೆದರಿ ಹೊಸ್ತಿಲು ದಾಟಲೂ ಬಿಡುತ್ತಿರಲಿಲ್ಲ. ಈಗ ದಾಟಿ ನೋಡಿದರೆ ಏನು ಗಲೀಜು ತಾಯೀ! ಪಾಲಿಶ್ ಉಜ್ಜಿದ ಎಣ್ಣೆ ಬಟ್ಟೆಗಳು ಹಗ್ಗದ ತುಂಬ, ಒಂದೊಂದು ಒಂದೊಂದು ಬಣ್ಣ, ಒಂದಕ್ಕಿಂತ ಒಂದು ಕೊಳಕು. ಗಿರಾಕಿಗಳು ಏನೆಂದುಕೊಳ್ಳುತ್ತಾರೆ?

ಎಲ್ಲ ತೆಗೆದು ಮಡಚಿಟ್ಟಿದ್ದೇನೆ. ಅಮ್ಮನ ನಾಲ್ಕು ಮಡಿಕೆ: ಉದ್ದಕ್ಕೊಂದು, ಅಡ್ಡಕ್ಕೊಂದು, ಬಿಚ್ಚಿಕೊಳ್ಳದ ಹಾಗೆ ಎರಡು ಮೂಲೆ ಒಳಕ್ಕೆ. ಕಿಟಕಿ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಒತ್ತಿ ಜೋಡಿಸಿ ಮುಚ್ಚಳ ಹಾಕಿದ್ದೇನೆ. ಸೋಮವಾರ ಬಾಗಿಲು ತೆಗೆದಾಗ ಬೇರೆಯವರ ಅಂಗಡಿಗೆ ಬಂದೆನೇನೋ ಎಂದು ಗಾಬರಿ ಬೀಳಬೇಡ. ಬೈಯುವುದಿದ್ದರೆ ಕಾಗದದಲ್ಲಿ ಬೈ.

ಇದನ್ನೂ ಹಾಗೇ ಮಡಚಿ ಕಳಿಸುತ್ತಿದ್ದೇನೆ. ನಗಬೇಡ.

ನಿನ್ನ
ಗುಬ್ಬಿ


ಮಾರ್ಚ್ 11, ಮಂಗಳವಾರ

ಗುಬ್ಬಿ,

ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಅಂಗಡಿ ಸುಟ್ಟುಹೋಯಿತು. ನನಗೇನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಹಡಿಯಲ್ಲಿ ಒಂದು ಗಳಿಗೆ ಅಡ್ಡಾಗಿದ್ದೆ. ಅಗಸೆ ಎಣ್ಣೆಯ ವಾಸನೆ ಬಂತು. ಅದು ಯಾವಾಗಲೂ ಬರುವುದೇ ಅಂದುಕೊಂಡು ಮಗ್ಗುಲು ಬದಲಿಸಿದೆ. ಆಮೇಲೆ ನೆಲ ಬಿಸಿಯಾಯಿತು. ಇಳಿದು ಬರುವಷ್ಟರಲ್ಲಿ ಕಿಟಕಿಯ ಕಡೆ ಎಲ್ಲ ಬೆಂಕಿ. ಹಿಂದಿನ ಓಣಿಯಿಂದ ಮೇಸ್ತ್ರಿ ಓಡಿ ಬಂದರು. ಬೇಡಿ ಬೇಡಿ ಎಂದು ಕೂಗುತ್ತಿದ್ದರೂ ಒಳಗೆ ನುಗ್ಗಿ ಅಪ್ಪನ ಬೆಂಚು ಎಳೆದು ತಂದರು. ಬೆಂಚು ಉಳಿಯಿತು. ಅವರ ಎರಡೂ ಕೈ ಬೆಂದುಹೋಗಿವೆ ಗುಬ್ಬಿ. ಮೂವತ್ತು ವರ್ಷ ಮರಕ್ಕೆ ಹೊಳಪು ಕೊಟ್ಟ ಕೈ. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ.

ಪಕ್ಕದ ದರ್ಜಿಯ ಅಂಗಡಿಯ ಹೆಂಚಿನ ಮಾಡೂ ಅರ್ಧ ಹೋಯಿತು. ಮಹಡಿ ನಿಂತಿದೆ, ಆದರೆ ವಾಸಕ್ಕೆ ಯೋಗ್ಯವಿಲ್ಲ. ಸದ್ಯ ಗೆಳತಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಹೆದರಬೇಡ, ವಿಮೆ ಇದೆ. ಅಪ್ಪ ಒಂದು ವರ್ಷವೂ ತಪ್ಪಿಸಲಿಲ್ಲ, ನಾನೂ ತಪ್ಪಿಸಿಲ್ಲ. ಕಂಪನಿಯವರು ಕೊಟ್ಟರೆ ಮಳೆಗಾಲಕ್ಕೆ ಮೊದಲು ಗೋಡೆ ಎತ್ತಬಹುದು. ಕೊಡದಿದ್ದರೆ ಅಂಗಡಿ, ಮನೆ ಎರಡೂ ಹೋದಂತೆಯೇ. ಆ ಮಾತು ಈಗ ಬೇಡ.

ನಿನ್ನೆ ಅವರ ಸರ್ವೇಯರ್ ಬಂದಿದ್ದ. ಉದ್ದ ಮನುಷ್ಯ, ಮಾತು ಕಮ್ಮಿ. ಸಣ್ಣ ಬ್ರಷ್ಷಿನಿಂದ ಬೂದಿ ಗುಡಿಸಿ ಗುಡಿಸಿ ನೋಡಿದ. "ಎಣ್ಣೆ ಬಟ್ಟೆ ಎಲ್ಲಿಡ್ತೀರಿ?" ಎಂದ. ನನಗೆ ನಗು ಬಂತು. ನಿನಗೆ ಇದೆಲ್ಲ ಗೊತ್ತಿಲ್ಲ. ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಒಟ್ಟಿ ಮುಚ್ಚಿಟ್ಟರೆ ಯಾರೂ ಕಡ್ಡಿ ಗೀರುವುದು ಬೇಡ, ತನ್ನಷ್ಟಕ್ಕೇ ಕಾದು ಕಾದು ಹೊತ್ತಿಕೊಳ್ಳುತ್ತದೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ಹಗ್ಗದ ಮೇಲೆ ಹರವುವುದು. ಅಪ್ಪ ಕೆಲಸಕ್ಕೆ ಸೇರಿದವರಿಗೆಲ್ಲ ಉಜ್ಜುವುದಕ್ಕಿಂತ ಮೊದಲು ಹರವುವುದನ್ನೇ ಕಲಿಸುತ್ತಿದ್ದರು. "ಮೇಸ್ತ್ರಿ ಊಟ ಮರೀಬಹುದು, ಇದನ್ನ ಮರೆಯಲ್ಲ. ಶನಿವಾರ ಬೀರು ಸಾಗಿಸೋಕೆ ಮುಂಚೆ ನಾನೇ ಕಣ್ಣಾರೆ ನೋಡಿದ್ದೀನಿ, ಎಲ್ಲ ಹಗ್ಗದ ಮೇಲಿತ್ತು" ಎಂದೆ. ಅವನು ಬರೆದುಕೊಂಡ.

ವಯರಿನದೇ ಇರಬೇಕು. ನೀನು ಆರೋಗ್ಯ ನೋಡಿಕೋ.

ಅಕ್ಕ


ಮಾರ್ಚ್ 23, ಭಾನುವಾರ
ಹವಾಮಾನ ಕೇಂದ್ರ

ಅಕ್ಕಾ,

ದೋಣಿ ಒಂದು ಗಂಟೆ ಮಾತ್ರ ನಿಲ್ಲುತ್ತದೆ, ಅದರಲ್ಲಿ ಮುಕ್ಕಾಲು ಗಂಟೆ ನಿನ್ನ ಕಾಗದ ಹಿಡಿದುಕೊಂಡೇ ಕಳೆದೆ. ಏನು ಬರೆಯಲಿ? ನಿನಗೇನೂ ಆಗಲಿಲ್ಲವಲ್ಲ, ಅಷ್ಟು ಸಾಕು.

ಮೇಸ್ತ್ರಿಯ ಬಲಗೈ ಎಷ್ಟು ಬೆಂದಿದೆ? ಬೆರಳು ಆಡುತ್ತವೆಯೇ?

ನನ್ನ ಮೊದಲ ಕಾಗದ ನಿನಗೆ ಸೇರಿತೇ? ದೋಣಿಯಲ್ಲಿ ಬರೆದು ಕೊಟ್ಟದ್ದು. ಅವತ್ತು ವಾಪಸು ಹೋಗುವಾಗ ಅಂಚೆಚೀಲ ನೆನೆದು ಹಲವು ಕಾಗದ ಹಾಳಾದವಂತೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಸೇರಿಲ್ಲದಿದ್ದರೆ ಚಿಂತೆಯಿಲ್ಲ.

ವಯರಿನದೇ ಇರಬೇಕು.

ಗುಬ್ಬಿ


ಮೇ 14, ಬುಧವಾರ

ಗುಬ್ಬಿ,

ನಿನ್ನ ಮೊದಲ ಕಾಗದ ಬರಲಿಲ್ಲ. ನೆನೆದೇ ಹೋಗಿರಬೇಕು. ಬಿಡು.

ಕಂಪನಿಯವರು ಕ್ಲೇಮು ತಿರಸ್ಕರಿಸಿದ್ದಾರೆ. ಒಂದೇ ಹಾಳೆಯ ಕಾಗದ, ಕೆಳಗೆ ಗೀಚಿದ ಸಹಿ. ವಯರು ಸರಿಯಾಗಿತ್ತಂತೆ. ಕಿಟಕಿ ಕೆಳಗಿನ ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆ ಒಟ್ಟಿಟ್ಟಿದ್ದು, ಬೆಂಕಿ ಅಲ್ಲಿಂದಲೇ ಎದ್ದಿದೆಯಂತೆ. ಪಾಲಿಸಿಯ ಷರತ್ತನ್ನು ಕೆಂಪು ಗೆರೆ ಎಳೆದು ಕಳಿಸಿದ್ದಾರೆ: ಎಣ್ಣೆ ಬಟ್ಟೆಯನ್ನು ಮುಚ್ಚಿದ ಜಾಗದಲ್ಲಿ ಇಡಕೂಡದು; ಮಾಲೀಕರಾಗಲಿ ಅವರ ಕುಟುಂಬದವರಾಗಲಿ ಇದನ್ನು ಮೀರಿದರೆ ಪರಿಹಾರವಿಲ್ಲ.

ನಾನು ಸುಮ್ಮನೆ ಬಿಡುವವಳಲ್ಲ. ವಕೀಲಮ್ಮನೊಬ್ಬರನ್ನು ಹಿಡಿದಿದ್ದೇನೆ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೋಡಿದರೆ ನನಗೇ ಬೆವರು ಬರುತ್ತದೆ, ಎದುರಿನವರ ಗತಿ ಏನೋ! ನ್ಯಾಯಾಲಯಕ್ಕೆ ಹೋಗುತ್ತಿದ್ದೇವೆ. ಮೊದಲ ದಿನವೇ ಅವರು ಕೇಳಿದ್ದು ಒಂದೇ: "ಶನಿವಾರ ಸಂಜೆ ಅಂಗಡಿ ಒಳಗೆ ಯಾರ್ಯಾರು ಹೋಗಿದ್ರು?"

ಮೇಸ್ತ್ರಿ ಎಂದೆ. ಇನ್ಯಾರೂ ಇಲ್ಲ ಎಂದೆ. ನಿನಗೂ ಯಾರಾದರೂ ಕೇಳಿಯಾರು, ಅದಕ್ಕೇ ಬರೆಯುತ್ತಿದ್ದೇನೆ, ಸರಿಯಾಗಿ ಓದಿಕೋ. ಶನಿವಾರ ನೀನು ಮಹಡಿಯಿಂದ ಇಳಿದವನು ಸೀದಾ ಬಸ್ಸಿಗೆ ಹೋದೆ. ಅಂಗಡಿಯ ಬಾಗಿಲು ತೆಗೆಯಲೇ ಇಲ್ಲ. ನಿನಗೆ ಬೀಗದ ಕೈ ಎಲ್ಲಿರುತ್ತದೆಂದೂ ಗೊತ್ತಿಲ್ಲ. ಚಿಕ್ಕಂದಿನಿಂದ ನಿನಗೆ ಮರೆವು ಜಾಸ್ತಿ, ಅದಕ್ಕೇ ನೆನಪಿಸುತ್ತಿದ್ದೇನೆ.

ಹೊಟ್ಟೆ ತುಂಬ ಉಣ್ಣು. ದೋಣಿಯವನ ಹಲ್ಲುನೋವು ಹೇಗಿದೆ, ಕೀಳಿಸಿಕೊಂಡನೇ ಇಲ್ಲವೇ?

ಅಕ್ಕ


ಜುಲೈ 13, ಭಾನುವಾರ
ಹವಾಮಾನ ಕೇಂದ್ರ

ಅಕ್ಕಾ,

ನಾಲ್ಕು ದೋಣಿ ಹೋದವು, ನಾನು ಬರೆಯಲಿಲ್ಲ. ಪ್ರತಿ ಸಲವೂ ಹಾಳೆ ತೆಗೆದು ಕೂತೆ. ಮೇಲೆ ತಾರೀಖು ಹಾಕಿ, ಅವತ್ತಿನ ಗಾಳಿಯ ವೇಗ ಬರೆದು, ಹರಿದುಹಾಕಿದೆ.

ಹೌದು. ಸೀದಾ ಬಸ್ಸಿಗೆ ಹೋದೆ.

ಇಲ್ಲಿ ಕೆಲಸ ಹಾಗೇ ಇದೆ. ದಿನಕ್ಕೆ ನಾಲ್ಕು ಸಲ ಏಣಿ ಹತ್ತಿ ತಾಪಮಾನ ನೋಡುವುದು, ಮಳೆ ಅಳೆಯುವುದು, ಬರೆಯುವುದು. ತಪ್ಪು ಬರೆದರೆ ಅಳಿಸುವ ಹಾಗಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ ಸರಿಯಾದದ್ದನ್ನು ಬರೆಯಬೇಕು. ತಪ್ಪೂ ಕಾಣಬೇಕು, ಮಾಡಿದವನೂ ಕಾಣಬೇಕು. ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಅದರ ಅರ್ಥ ಏನೆಂದು ಯೋಚಿಸಿಯೇ ಇರಲಿಲ್ಲ.

ನನ್ನ ಬಟ್ಟೆಗಳನ್ನು ಈಗ ಮಡಚುವುದಿಲ್ಲ. ಕುರ್ಚಿಯ ಮೇಲೆ, ಕಿಟಕಿಯ ಮೇಲೆ ಹರಡಿಕೊಂಡಿವೆ. ನಮ್ಮ ಕೇಂದ್ರದ ದೊಡ್ಡವರು ಬಂದು ನೋಡಿ, "ಏನಪ್ಪಾ, ಸಂತೆ ಇಟ್ಟಿದೀಯಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇಸ್ತ್ರಿಯ ಕೈ ಹೇಗಿದೆ? ಹೋದ ಸಲ ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ.

ಗುಬ್ಬಿ


ಅಕ್ಟೋಬರ್ 10, ಶುಕ್ರವಾರ

ಗುಬ್ಬಿ,

ಸಿಟ್ಟಾಗಬೇಡ, ಓಡಾಟದಲ್ಲಿ ಬರೆಯಲಾಗಲಿಲ್ಲ. ಮೇಸ್ತ್ರಿಯ ಗಾಯ ಒಣಗಿದೆ. ಎಡಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ಬಲಗೈಯಲ್ಲಿ ಲೋಟ ಹಿಡಿಯುತ್ತಾರೆ. ಪಾಲಿಶ್ ಕೆಲಸ ಇನ್ನಿಲ್ಲ.

ಈಗ ಒಳ್ಳೆಯ ಸುದ್ದಿ. ವಕೀಲಮ್ಮ ದಾರಿ ಹುಡುಕಿದ್ದಾರೆ. ಷರತ್ತಿನಲ್ಲಿ ಮಾಲೀಕರು, ಕುಟುಂಬದವರು ಎಂದಿದೆ, ಕೆಲಸದವರು ಎಂದು ಎಲ್ಲೂ ಇಲ್ಲ. ಮಾಲೀಕರ ಮಾತು ಮೀರಿ ಕೆಲಸದವರೊಬ್ಬರು ಮರೆತು ಬಟ್ಟೆ ಒಟ್ಟಿಟ್ಟರು ಎಂದಾದರೆ ಕಂಪನಿ ಕೊಡಲೇಬೇಕು. ಮೇಸ್ತ್ರಿ ಹಾಗೆ ಹೇಳಿಕೆ ಕೊಟ್ಟರೆ ಸಾಕು. ಹಗ್ಗದ ಮೇಲೆ ನಾನು ನೋಡಿದ್ದು ಬೀರು ಸಾಗಿಸುವ ಮುಂಚೆ, ಆಮೇಲೆ ಅವರು ತೆಗೆದಿಟ್ಟರು ಎಂದರಾಯಿತು. ದರ್ಜಿಯ ಮಾಡು ಸುಟ್ಟದ್ದಕ್ಕೆ ಅವರ ಮೇಲೆ ಪೊಲೀಸ್ ಕೇಸಾಗಬಹುದು, ಆದರೆ "ವಯಸ್ಸಾದವರು, ಜೈಲಿಗೆಲ್ಲ ಹಾಕಲ್ಲ, ಬೈದು ಬಿಡ್ತಾರೆ" ಎಂದರು ವಕೀಲಮ್ಮ. ಬಿಡದಿದ್ದರೆ ಎಂದು ನಾನು ಕೇಳಲಿಲ್ಲ.

ಎಂಟು ದಿನ ಸಂಜೆ ಮೇಸ್ತ್ರಿಯ ಮನೆಗೆ ಹೋಗಿ ಕೂತೆ. ಬಲವಂತ ಮಾಡಲಿಲ್ಲ. "ನೆನಪು ಮಾಡ್ಕೊಳ್ಳಿ ಮೇಸ್ತ್ರಿ, ಅವತ್ತು ಅವಸರದಲ್ಲಿದ್ರಿ ಅಲ್ವಾ" ಎನ್ನುತ್ತಿದ್ದೆ. ಮೊದಲ ದಿನ ಬಲವಾಗಿ ತಲೆಯಾಡಿಸಿದರು. "ಹರವಿದ್ದೀನಮ್ಮ. ಹದಿನೇಳು ಬಟ್ಟೆ." ಮೂರನೆಯ ದಿನ, "ಹರವಿದ್ದೆ ಅನ್ಸುತ್ತೆ." ಎಂಟನೆಯ ದಿನ ನನ್ನ ಮುಖ ನೋಡದೆ, "ಮರ್ತಿರ್ಬೇಕು ಕಣಮ್ಮಾ. ನೀವು ಸುಳ್ಳು ಹೇಳ್ತೀರಾ?" ಎಂದರು. ಅವರಿಗೆ ಓದು ಬಾರದಲ್ಲ, ಹೇಳಿಕೆಯನ್ನು ನಾನೇ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿಸಬೇಕು ಎಂದರೆ ಎರಡು ಹೆಬ್ಬೆರಳಲ್ಲೂ ಗೆರೆಗಳೇ ಉಳಿದಿಲ್ಲ. ಬರೀ ಮಸಿಯ ಮಚ್ಚೆ ಬಿತ್ತು.

ಅವರ ಸೊಸೆ ಹೇಳಿದಳು, ಈಗ ಮನೆಯಲ್ಲಿ ಕರವಸ್ತ್ರದಿಂದ ಹೊದಿಕೆಯವರೆಗೆ ಎಲ್ಲವನ್ನೂ ಹಗ್ಗಕ್ಕೆ ಹರವುತ್ತಾರಂತೆ, ಒಣಗಿದ್ದನ್ನೂ ತೆಗೆಯಲು ಬಿಡುವುದಿಲ್ಲವಂತೆ. ಹತ್ತು ನಿಮಿಷಕ್ಕೊಮ್ಮೆ ಹೋಗಿ ಎಣಿಸುತ್ತಾರಂತೆ. ಹೋಗಲಿ, ವಯಸ್ಸಾಯಿತು.

ಒಂದು ತಲೆನೋವು ಉಳಿದಿದೆ. ಪೆಟ್ಟಿಗೆಯ ತಳದಲ್ಲಿದ್ದ ಮೂರು ಬಟ್ಟೆ ಪೂರ್ತಿ ಸುಟ್ಟಿರಲಿಲ್ಲ. ಸರ್ವೇಯರ್ ಫೋಟೋ ತೆಗೆದಿಟ್ಟಿದ್ದಾನೆ. ನಾಲ್ಕು ಮಡಿಕೆ, ಮೂಲೆ ಒಳಕ್ಕೆ. "ಇಷ್ಟು ಅಚ್ಚುಕಟ್ಟಾಗಿ ಯಾರಮ್ಮಾ ಮಡಚ್ತಾರೆ, ನಿಮ್ಮಲ್ಲಿ?" ಎಂದು ಕೇಳಿದ. ಮೇಸ್ತ್ರಿಯೇ, ಅವರು ತುಂಬ ಅಚ್ಚುಕಟ್ಟು ಎಂದೆ.

ವಿಚಾರಣೆ ನವೆಂಬರ್ 24ಕ್ಕೆ. ಅದೊಂದು ಮುಗಿದರೆ ನಾವು ಗೆದ್ದ ಹಾಗೆ. ನೀನು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಇದು ನಿನಗೆ ಸಂಬಂಧಪಟ್ಟದ್ದಲ್ಲ.

ಅಕ್ಕ


ಅಕ್ಟೋಬರ್ 19, ಭಾನುವಾರ
ಹವಾಮಾನ ಕೇಂದ್ರ

ಅಕ್ಕಾ,

ದೋಣಿಯವನು ಮೇ ತಿಂಗಳಲ್ಲೇ ಹಲ್ಲು ಕೀಳಿಸಿಕೊಂಡ. ನೀನು ವಿಚಾರಿಸಿದ್ದೆ ಎಂದು ಹೇಳಿದೆ, ಖುಷಿಪಟ್ಟ. ಅವನ ಹಲ್ಲುನೋವಿನ ವಿಷಯ ನಾನು ಬರೆದದ್ದು ಮೊದಲ ಕಾಗದದಲ್ಲಿ ಮಾತ್ರ. ನಿನಗೆ ಸೇರಲೇ ಇಲ್ಲ ಎಂದೆಯಲ್ಲ, ಆ ಕಾಗದದಲ್ಲಿ.

ಮೇ ತಿಂಗಳಿನಿಂದ ನನಗೆ ಗೊತ್ತು. ನಿನಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು, ಆದರೂ ಸೀದಾ ಬಸ್ಸಿಗೆ ಹೋದೆ ಎಂದು ಬರೆದೆ. ಅದಕ್ಕೆ ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ. ವಯರು ಅಂದುಕೊಂಡರಾಯಿತು, ಕಂಪನಿ ಕೊಟ್ಟುಬಿಡಲಿ, ಯಾರಿಗೂ ಏನೂ ಆಗದಿರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಆದರೆ ಅಕ್ಕಾ, ಆ ಮನುಷ್ಯನ ಕೈ ನಾನು ಸುಟ್ಟಿದ್ದೇನೆ. ತಿಳಿಯದೆ ಸುಟ್ಟೆ. ಅವರ ನೆನಪನ್ನು ನೀನು ಎಂಟು ಸಂಜೆ ಕೂತು ತಿಳಿದೂ ತಿಳಿದೂ ಸುಡುತ್ತಿದ್ದೀಯ. ಹಗ್ಗದ ಮೇಲೆ ಇದ್ದದ್ದನ್ನು ಕಣ್ಣಾರೆ ನೋಡಿದವಳು ನೀನೇ.

ಅವರಿಗೇ ಬರೆಯೋಣವೆಂದರೆ, ಓದಿಸಲು ಅವರು ಕಾಗದ ತರುವುದು ನಿನ್ನ ಹತ್ತಿರಕ್ಕೇ.

ನನ್ನ ಬದಲಿಗೆ ಬರುವವನು ನವೆಂಬರ್ 16ರ ದೋಣಿಗೆ ಬರುತ್ತಾನೆ. ಅದೇ ದೋಣಿಯಲ್ಲಿ ನಾನು ಹೊರಡುತ್ತೇನೆ. 24ಕ್ಕೆ ಮೊದಲೇ ಬಂದಿರುತ್ತೇನೆ. ಅಷ್ಟರೊಳಗೆ ನೀನೇ ಹೋಗಿ ಮೇಸ್ತ್ರಿಗೆ ಹೇಳು. ನೀನು ಹೇಳದಿದ್ದರೆ ಕಟಕಟೆಯಲ್ಲಿ ನಾನು ಹೇಳುತ್ತೇನೆ. ಮನೆ ಹೋದರೆ ಹೋಗಲಿ.

ಗುಬ್ಬಿ


ನವೆಂಬರ್ 12, ಬುಧವಾರ

ಗುಬ್ಬಿ,

ವಿಚಾರಣೆ ಇದ್ದದ್ದು 24ಕ್ಕಲ್ಲ, ಇವತ್ತು. ಮೊದಲಿನಿಂದಲೂ ಇವತ್ತೇ ಇತ್ತು. ದೋಣಿಯ ಲೆಕ್ಕ ನನಗೂ ಬರುತ್ತದೆ. ನೀನು ಬಂದು ಇಳಿಯುವುದರೊಳಗೆ ಎಲ್ಲ ಮುಗಿದಿರಲಿ ಎಂದು ಹಾಗೆ ಬರೆದಿದ್ದೆ. ನಿನ್ನ ಕಾಗದ ಓದಿದ ಮೇಲೂ ಮೇಸ್ತ್ರಿಗೆ ಹೇಳಲಿಲ್ಲ. ಅವರ ಮನೆಯ ತಿರುವಿನವರೆಗೆ ಎರಡು ಸಲ ಹೋದೆ. ಹಗ್ಗದ ತುಂಬ ಬಟ್ಟೆ ಕಂಡಿತು, ವಾಪಸು ಬಂದೆ. ಈಗ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ಸಣ್ಣ ಕೋಣೆ, ಒಂದೇ ಫ್ಯಾನು, ಗೋಡೆಯ ಉದ್ದಕ್ಕೂ ಬೆಂಚು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಗುಂಡಿಗಳನ್ನು ಸೊಸೆ ಹಾಕಿಕೊಟ್ಟಿರಬೇಕು. ನಮ್ಮ ವಕೀಲಮ್ಮ ಕೇಳಿದ್ದಕ್ಕೆಲ್ಲ ಹೇಳಿಕೊಟ್ಟ ಹಾಗೇ ಹೇಳಿದರು. ಅವಸರದಲ್ಲಿದ್ದೆ, ಮರೆತೆ, ಮಡಚಿ ಪೆಟ್ಟಿಗೆಗೆ ಹಾಕಿದೆ. ಒಂದು ಮಾತೂ ತಪ್ಪಲಿಲ್ಲ.

ಆಮೇಲೆ ಕಂಪನಿಯ ವಕೀಲ ಎದ್ದ. ಗಟ್ಟಿಯಾಗಿ ಮಾತಾಡುವವನಲ್ಲ. ಚೀಲದಿಂದ ಒಂದು ಹೊಸ ಬಟ್ಟೆ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟ. "ಯಜಮಾನ್ರೇ, ಅವತ್ತು ಹ್ಯಾಗೆ ಮಡಚಿದ್ರಿ, ಒಂದ್ಸಲ ತೋರ್ಸಿ" ಎಂದ. ವಕೀಲಮ್ಮ, ಕೈ ಸುಟ್ಟವರಿಗೆ ಇದೆಂಥಾ ಪರೀಕ್ಷೆ ಎಂದು ಜೋರು ಮಾಡಿದರು. ನ್ಯಾಯಾಧೀಶರು, "ಆದಷ್ಟು ತೋರಿಸಲಿ" ಎಂದರು.

ಮೇಸ್ತ್ರಿ ಬಟ್ಟೆಯನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡರು. ಅದನ್ನು ಒಂದು ಸಲ ಕೊಡವಿದರು. ಕಟಕಟೆಯ ಅಡ್ಡಪಟ್ಟಿಯ ಮೇಲೆ ಹಾಕಿದರು. ಬೆರಳು ಬಾಗದಲ್ಲ, ಮುಂಗೈಯಿಂದಲೇ ಸುಕ್ಕು ಬಿಡಿಸಿ, ಎರಡೂ ಕಡೆ ಸಮ ಎಳೆದು, ಒಂದು ಮೂಲೆ ಕೂಡ ಇನ್ನೊಂದರ ಮೇಲೆ ಬೀಳದ ಹಾಗೆ ಹರವಿದರು. ಪಕ್ಕದಲ್ಲಿ ಇನ್ನೊಂದು ಬಟ್ಟೆಗೆ ಜಾಗ ಬಿಟ್ಟು, ಮುಂದಿನದನ್ನು ಕೊಡಿ ಎನ್ನುವಂತೆ ಕೈ ಚಾಚಿದರು.

ಯಾರೂ ಮುಂದಿನ ಬಟ್ಟೆ ಕೊಡದ್ದು ನೋಡಿ ಅವರಿಗೆ ಗಾಬರಿಯಾಯಿತು. ನ್ಯಾಯಾಧೀಶರನ್ನೂ ನೋಡಲಿಲ್ಲ, ವಕೀಲರನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿ, ಅಂಗಡಿಯಲ್ಲಿ ಕೇಳುವ ಹಾಗೇ ಕೇಳಿದರು: "ಸರಿಯಾಗ್ ಮಾಡಿದ್ನಾ, ಅಮ್ಮಾ?"

ನಿನ್ನ ಮೊದಲ ಕಾಗದ ಮಾರ್ಚ್ ತಿಂಗಳಿನಿಂದ ನನ್ನ ಕೈಚೀಲದಲ್ಲೇ ಇತ್ತು. ಸುಡೋಣವೆಂದು ಮೂರು ಸಲ ಒಲೆಯ ಹತ್ತಿರ ಒಯ್ದಿದ್ದೇನೆ. ಆಗಲಿಲ್ಲ. ಸುಟ್ಟ ವಾಸನೆ ಸಾಕಾಗಿತ್ತೋ, ನಿನ್ನ ಅಕ್ಷರ ಇದೆಯೆಂದೋ ಗೊತ್ತಿಲ್ಲ. ಎದ್ದು ನಿಂತೆ. ವಕೀಲಮ್ಮ ತೋಳು ಹಿಡಿದು ಎಳೆದರು, ಬಿಡಿಸಿಕೊಂಡೆ. "ಸರಿಯಾಗೇ ಮಾಡಿದ್ರಿ ಮೇಸ್ತ್ರಿ. ಅವತ್ತೂ ಸರಿಯಾಗೇ ಮಾಡಿದ್ರಿ" ಎಂದೆ. ಕಾಗದ ತೆಗೆದು ಗುಮಾಸ್ತನ ಕೈಗೆ ಕೊಟ್ಟೆ.

ನೀನು ಮಡಚಿದ್ದು ಹಾಗೇ ಇತ್ತು. ಉದ್ದಕ್ಕೊಂದು, ಅಡ್ಡಕ್ಕೊಂದು, ಮೂಲೆ ಒಳಕ್ಕೆ. ನ್ಯಾಯಾಧೀಶರು ಅದನ್ನು ಬಿಚ್ಚಲಿಲ್ಲ. ಮೇಜಿನ ಮೇಲೆ ಸರ್ವೇಯರ್ ತೆಗೆದ ಫೋಟೋ ಇತ್ತು. ಕಾಗದವನ್ನು ಅದರ ಪಕ್ಕದಲ್ಲಿಟ್ಟು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಓದುವುದಕ್ಕೆ ಮೊದಲೇ ಅವರಿಗೆ ಗೊತ್ತಾಯಿತು. "ಇದನ್ನ ಬರೆದವರು ಯಾರು?" ಎಂದರು. ನನ್ನ ತಮ್ಮ ಎಂದೆ.

ಹೊರಗೆ ಬಂದ ಮೇಲೆ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಹತ್ತಿರ ಹೋದೆ. ಎದ್ದು ಹೋದರು. ಮೂವತ್ತು ವರ್ಷದಲ್ಲಿ ಅವರು ನನಗೆ ಬೆನ್ನು ತೋರಿಸಿದ್ದು ಇದೇ ಮೊದಲು.

ಕ್ಲೇಮು ಹೋಯಿತು. ಮನೆಯೂ ಹೋಗುತ್ತದೆ. ಸುಳ್ಳು ಹೇಳಿಕೆ ಕೊಡಿಸಿದ್ದಕ್ಕೆ ನನ್ನ ಮೇಲೆ ಬೇರೆ ಕೇಸು ನಡೆಯುತ್ತದಂತೆ. ಮೇಸ್ತ್ರಿಯ ಮೇಲೆ ಹಾಕಬೇಕೆಂದಿದ್ದ ದರ್ಜಿಯ ಕೇಸು ಇನ್ನು ನಿನ್ನ ಮೇಲೆ ಬರಬಹುದು. ಏನಾಗುತ್ತದೆಂದು ನನಗೆ ಗೊತ್ತಿಲ್ಲ, ಮೊದಲ ಸಲ ನಿಜವಾಗಿಯೂ ಗೊತ್ತಿಲ್ಲ. ನೀನು ಎಲ್ಲಿಗೆ ಹೋಗಲಿಲ್ಲ, ಏನು ಮಾಡಲಿಲ್ಲ ಎಂದು ಇನ್ನು ನಾನು ಹೇಳಿಕೊಡುವುದಿಲ್ಲ.

ನ್ಯಾಯಾಲಯದವರು ನಿನಗೆ ಸಮನ್ಸ್ ಕಳಿಸಿದ್ದಾರೆ. ಇದೂ ಅದೂ ಒಂದೇ ದೋಣಿಯಲ್ಲಿ, ಒಂದೇ ಚೀಲದಲ್ಲಿ ಬರುತ್ತವೆ. ನೀನು ಇದನ್ನೇ ಮೊದಲು ಒಡೆದಿದ್ದರೆ ಸಾಕು.

ಅಕ್ಕ